ಒಳಗಿಂದ ತೊಳೆಯುವವರು

ಆ ಊರಲ್ಲಿ ಬೆಳಗಿನ ಹೊತ್ತು ಹೊಳೆ ಕಾಣುತ್ತಿರಲಿಲ್ಲ, ಬರೀ ಕೇಳುತ್ತಿತ್ತು. ಮಂಜು ಈ ದಡದಿಂದ ಆ ದಡದವರೆಗೆ ಮೈಚಾಚಿ ಮಲಗಿರುತ್ತಿತ್ತು. ದೋಣಿಗಳು ಅದರೊಳಗೆ ಹೋಗಿ ಇಲ್ಲವಾಗುತ್ತಿದ್ದವು, ಮತ್ತೆ ಅದರೊಳಗಿಂದಲೇ ಹುಟ್ಟಿ ಬರುತ್ತಿದ್ದವು. ದಡ ಎಲ್ಲಿದೆ, ನಡುವಿನ ಕರಿಬಂಡೆ ಎಲ್ಲಿದೆ ಎಂದು ದೋಣಿಯವರಿಗೆ ತಿಳಿಯುವುದಕ್ಕೆ ಇದ್ದದ್ದು ಒಂದೇ ಉಪಾಯ. ಮೆಟ್ಟಿಲ ಮೇಲಿನ ಕಟ್ಟೆಯಲ್ಲಿ ಒಬ್ಬ ಹೆಂಗಸು ನಿಂತು ಕೂಗುತ್ತಿದ್ದಳು. ಅವಳಿಗೆ ಊರವರು ಕೂಗುವವಳು ಎನ್ನುತ್ತಿದ್ದರು. ಅವಳ ಕೂಗಿಗೆ ಪದವಿರಲಿಲ್ಲ, ಉದ್ದವಿತ್ತು. ಅದನ್ನೇ ಹಗ್ಗದ ಹಾಗೆ ಹಿಡಿದುಕೊಂಡು ದೋಣಿಗಳು ದಡ ಸೇರುತ್ತಿದ್ದವು.

ಅದೇ ಮೆಟ್ಟಿಲ ಕೆಳಗೆ, ನೀರು ಬಂಡೆಯನ್ನು ಮುಟ್ಟುವ ಕಡೆ, ತೊಳೆಯುವವರು ಕೂರುತ್ತಿದ್ದರು. ಅವರು ಬಟ್ಟೆ ತೊಳೆಯುವವರಲ್ಲ.

ಆ ಊರಿಗೊಂದು ಕಟ್ಟಳೆಯಿತ್ತು. ಯಾರೇ ಸತ್ತರೂ ಮಣ್ಣಿಗೆ ಕೊಡುವ ಮುಂಚೆ ಅವರೊಳಗಿನ ಒಂದು ಅಂಗವನ್ನು ತೆಗೆದು, ಬಾಳೆಲೆಯಲ್ಲಿ ಸುತ್ತಿ, ಈ ಮೆಟ್ಟಿಲಿಗೆ ತರಬೇಕು. ಗುಂಡಿಗೆಯಾಗಲಿ, ಯಕೃತ್ತಾಗಲಿ, ಮೂತ್ರಪಿಂಡವಾಗಲಿ. ತೊಳೆಯುವವರು ಅದನ್ನು ಬಂಡೆಗೆ ಬಡಿಯುವುದಿಲ್ಲ, ಉಜ್ಜುವುದಿಲ್ಲ. ಮೇಲಿನಿಂದ ಒಂದು ಕಂಚಿನ ಕುಡಿಕೆ ತೂಗುಹಾಕಿ, ಅದರ ತಳಕ್ಕೆ ಜೊಂಡಿನ ನಳಿಗೆ ಸಿಕ್ಕಿಸಿ, ಆ ನಳಿಗೆಯನ್ನು ಅಂಗದ ದೊಡ್ಡ ರಕ್ತನಾಳದ ಬಾಯಿಗೆ ಕಟ್ಟುತ್ತಾರೆ. ಕುಡಿಕೆಯಲ್ಲಿ ಅಂಟುವಾಳದ ನೊರೆನೀರು. ಅದು ಹನಿಹನಿಯಾಗಿ ಒಳಗಿಳಿಯುತ್ತದೆ. ರಕ್ತ ಹಿಂದೆ ಓಡಾಡಿದ ದಾರಿಗಳಲ್ಲೆಲ್ಲ ಓಡಾಡುತ್ತದೆ. ಕೂದಲೆಳೆಗಿಂತ ಸಣ್ಣ ದಾರಿಗಳನ್ನೂ ಹೊಕ್ಕು, ಅಲ್ಲಿ ಮನೆಮಾಡಿಕೊಂಡಿದ್ದ ಕಣಗಳನ್ನು ಒಂದೊಂದಾಗಿ ಎಬ್ಬಿಸಿ ಹೊರಗೆ ಕರೆತರುತ್ತದೆ. ಮೊದಲ ದಿನ ಇಳಿಯುವ ನೀರು ಕೆಂಪು. ನಾಲ್ಕನೆಯ ದಿನ ಬಾಡಿದ ದಾಸವಾಳದ ಬಣ್ಣ. ಏಳನೆಯ ದಿನಕ್ಕೋ ಒಂಬತ್ತನೆಯ ದಿನಕ್ಕೋ ನೀರು ಬರೀ ನೀರಾಗುತ್ತದೆ. ಅಂಗ ಬೆಳ್ಳಗೆ, ಬೆಳಕು ಹಾಯುವಷ್ಟು ತಿಳಿಯಾಗಿ, ಅದೇ ಆಕಾರದಲ್ಲಿ ಉಳಿದಿರುತ್ತದೆ. ಒಳಗಿದ್ದವರು ಹೋಗಿರುತ್ತಾರೆ, ಅವರ ಬೀದಿಗಳು ಮಾತ್ರ ಇರುತ್ತವೆ.

ಆಮೇಲೆ ಕೇಳುವವಳು ಬರುತ್ತಾಳೆ. ಅವಳು ಊರಿಗೆಲ್ಲ ಹಿರಿಯಳು. ಬಿಳಿಯ ಅಂಗವನ್ನು ತಟ್ಟೆಯಲ್ಲಿಟ್ಟು, ಸತ್ತವರಿಗೆ ಹತ್ತಿರವಾದವರನ್ನು ಎದುರಿಗೆ ನಿಲ್ಲಿಸಿ, ಒಂದೇ ಪ್ರಶ್ನೆ ಕೇಳುತ್ತಾಳೆ.

"ಇದು ಯಾರದು?"

"ಯಾರದೂ ಅಲ್ಲ," ಎಂದು ಅವರು ಹೇಳಬೇಕು. ಅಷ್ಟು ಹೇಳಿದ ಮೇಲೆಯೇ ಅದು ಬದುಕಿರುವವರೊಬ್ಬರಿಗೆ ಸಲ್ಲುತ್ತದೆ. ಸತ್ತವರ ಹೆಸರು ಹೇಳಿದರೆ, ಇಲ್ಲವೇ ಬಾಯಿ ಕಟ್ಟಿ ನಿಂತರೆ, ಅಂಗ ಮತ್ತೆ ಕುಡಿಕೆಯ ಕೆಳಗೆ ಹೋಗುತ್ತದೆ. ಮೂರು ಸಲ ಹಾಗಾದರೆ ಹೊಳೆಯ ಪಾಲು. ಕೇಳುವ ದಿನದವರೆಗೆ ಮೆಟ್ಟಿಲ ಮೇಲೆ ಸತ್ತವರ ಹೆಸರೆತ್ತುವಂತಿಲ್ಲ, ಅವರ ಸುದ್ದಿ ಆಡುವಂತಿಲ್ಲ.

ಇದೇನು ಇಷ್ಟು ಕಠಿಣ ಎಂದು ಯಾರಾದರೂ ಪರವೂರಿನವರು ಕೇಳಿದರೆ ಬಿತ್ತುವವನು ಉತ್ತರ ಕೊಡುತ್ತಿದ್ದ. ತೊಳೆದ ಅಂಗದೊಳಗೆ ಹೊಸ ಜೀವ ಬಿತ್ತುವುದು ಅವನ ಕಸುಬು. ಮುದುಕ, ಮಾತು ಜಾಸ್ತಿ, ಕೈ ಮಾತ್ರ ಅಲುಗುತ್ತಿರಲಿಲ್ಲ.

"ನಮ್ಮ ಅಜ್ಜಂದಿರು ಮಾಂಸಾನ ತಾವೇ ಬೆಳೆಸ್ತಿದ್ರು," ಎನ್ನುತ್ತಿದ್ದ. "ಉಗುರಿನ ದಪ್ಪ ಬರೋವರೆಗೆ ಚೆನ್ನಾಗಿರೋದು. ಅದಕ್ಕಿಂತ ದಪ್ಪ ಆಯ್ತೋ, ನಡುವೆ ಇರೋದಕ್ಕೆ ಅನ್ನ ಹೋಗಲ್ಲ, ಉಸಿರು ಹೋಗಲ್ಲ, ಕೊಳೆತುಬಿಡೋದು. ಮಾಂಸ ಮಾಡೋದು ದೊಡ್ಡದಲ್ಲ ಕಣಪ್ಪ, ದಾರಿ ಮಾಡೋದು ದೊಡ್ಡದು. ನಮ್ಮ ಕೈಯಲ್ಲಿ ಆಗಲಿಲ್ಲ. ಅದಕ್ಕೇ ಬಾಳಿ ಹೋದವರ ದಾರಿ ಕೇಳಿ ತಗೋತೀವಿ."

"ಅಷ್ಟು ಪೂರ್ತಿ ಯಾಕೆ ತೊಳೀಬೇಕು?"

"ಹಳಬರು ಒಬ್ಬರು ಮೂಲೇಲಿ ಉಳಿದರೂ ಹೊಸ ಮೈ ಗುರುತು ಹಿಡಿಯುತ್ತೆ. ಹೊರಗಿನವರು ಬಂದ್ರು ಅಂತ ಮೇಲೆ ಬೀಳುತ್ತೆ. ಒಬ್ಬರನ್ನ ಓಡಿಸೋಕೆ ಹೋಗಿ ಮನೇನೇ ಕೆಡವಿಬಿಡುತ್ತೆ."

ಈ ಕಥೆ ನಡೆದ ಕಾಲಕ್ಕೆ ಊರಲ್ಲಿ ತೊಳೆಯುವವರು ಇಬ್ಬರೇ ಉಳಿದಿದ್ದರು, ಅಕ್ಕ ಮತ್ತು ತಂಗಿ. ಇಬ್ಬರ ಬಂಡೆಗಳೂ ಅಕ್ಕಪಕ್ಕ. ಅಕ್ಕನ ನೊರೆ ತಂಗಿಯ ಬಂಡೆಯನ್ನು ಸುತ್ತಿಕೊಂಡೇ ಹೊಳೆಗೆ ಇಳಿಯಬೇಕಿತ್ತು. ಆದರೂ ಹನ್ನೊಂದು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಿದ್ದಳು. ಅವಳ ಯಕೃತ್ತನ್ನು ತೊಳೆದವಳು ಅಕ್ಕ. ಒಂಬತ್ತು ದಿನ ಅವಳು ಊಟ ಬಿಟ್ಟು ತೊಳೆದಳು. ಪ್ರಶ್ನೆಗೆ ನಿಲ್ಲುವ ಸರದಿ ತಂಗಿಯದಾಯಿತು. ಕೇಳುವವಳು ತಟ್ಟೆ ಹಿಡಿದು, "ಇದು ಯಾರದು?" ಎಂದಳು. ತಂಗಿ ತಲೆ ಎತ್ತಿಕೊಂಡು, ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ, "ಯಾರದೂ ಅಲ್ಲ," ಎಂದುಬಿಟ್ಟಳು. ದಾರಿಹೋಕರು ಹೊತ್ತೆಷ್ಟು ಎಂದು ಕೇಳಿದರೆ ಹೇಳುವ ಹಾಗೆ.

ಮನೆಗೆ ಬಂದ ಮೇಲೆ ಅಕ್ಕ ಕೇಳಿದಳು. "ನಿನಗೆ ಬಾಯಾದರೂ ಹೇಗೆ ಬಂತೇ?"

ತಂಗಿ ಏನೋ ಹೇಳುವುದಕ್ಕೆ ಹೋದಳು. ಅಕ್ಕ ಕೈ ಅಡ್ಡ ಹಿಡಿದಳು. ಅಡ್ಡ ಹಿಡಿದ ಆ ಕೈಯನ್ನು ಅವಳು ಮತ್ತೆ ಇಳಿಸಲೇ ಇಲ್ಲ ಎನ್ನಬಹುದು. ಒಲೆ ಎರಡಾಯಿತು, ಬಾಗಿಲು ಎರಡಾಯಿತು. ಬಂಡೆಗಳು ಮಾತ್ರ ಇದ್ದಲ್ಲೇ ಇದ್ದವು. ನೊರೆ ಕಡಿಮೆಯಾದರೆ ತಂಗಿ ಅಂಟುವಾಳದ ಬುಟ್ಟಿಯನ್ನು ಅಕ್ಕನ ಕಡೆಗೆ ತಳ್ಳುತ್ತಿದ್ದಳು. ಅಕ್ಕ ತೆಗೆದುಕೊಳ್ಳುತ್ತಿದ್ದಳು, ಬುಟ್ಟಿಯನ್ನು ನೋಡುತ್ತಿದ್ದಳು, ತಂಗಿಯನ್ನು ನೋಡುತ್ತಿರಲಿಲ್ಲ.

ಹೀಗಿರುವಾಗ ಕೂಗುವವಳ ಗುಂಡಿಗೆ ಸೋಲತೊಡಗಿತು. ಮೊದಲು ಅವಳ ಪಾದ ಬಾತುಕೊಂಡವು. ಆಮೇಲೆ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಾಯಿತು. ಮೆಟ್ಟಿಲು ಹತ್ತುವುದಕ್ಕೆ ನಾಲ್ಕು ಕಡೆ ಕೂರಬೇಕಾಯಿತು. ಕೂಗು ಹೊಳೆಯ ಆ ದಡಕ್ಕೆ ತಲುಪುತ್ತಿದ್ದದ್ದು ಮುಕ್ಕಾಲಿಗೆ ಬಂತು, ಆಮೇಲೆ ಅರ್ಧಕ್ಕೆ. ಬೇರೆ ಹೆಂಗಸರು ಕೂಗಿ ನೋಡಿದರು. ಅವರ ಕೂಗು ಮಂಜಿನಲ್ಲಿ ಎಲ್ಲ ಕಡೆಯಿಂದಲೂ ಕೇಳಿಸುತ್ತಿತ್ತು. ಎಲ್ಲ ಕಡೆಯಿಂದ ಕೇಳಿಸುವ ಕೂಗಿನಿಂದ ದೋಣಿಯವನಿಗೆ ಏನು ಉಪಯೋಗ? ಅವಳೇ ಬೇಕಾಗಿತ್ತು. ಅವಳೇ ನಿಂತು ಕೂಗಿದಳು.

ಒಂದು ಬೆಳಿಗ್ಗೆ ತಂಗಿ ಆ ದಡದಿಂದ ಅಂಟುವಾಳದ ಮೂಟೆ ಹೇರಿಕೊಂಡು ಬರುತ್ತಿದ್ದಳು. ದೋಣಿಯವನು ಕಿವಿಗೊಟ್ಟ. ಕೂಗು ಬಂತು, ನಡುವೆ ಕಡಿಯಿತು, ಮತ್ತೆ ಬರಲಿಲ್ಲ. ದೋಣಿ ಕರಿಬಂಡೆಗೆ ಬಡಿಯಿತು. ದೋಣಿಯವನು ಈಜಿ ಬಂದ. ತಂಗಿಯ ತಲೆ ಬಂಡೆಗೆ ತಾಗಿತ್ತು, ಅವಳು ಉಳಿಯಲಿಲ್ಲ. ಬಿಸಿಲು ಬಂದು ಮಂಜು ಎದ್ದ ಮೇಲೆ ಅವಳನ್ನು ಎತ್ತಿ ತಂದು ಮೆಟ್ಟಿಲ ಮೇಲೆ ಮಲಗಿಸಿದರು. ಮೆಟ್ಟಿಲ ಕೆಳಗಿನ ನೀರಿನಲ್ಲಿ ಅಂಟುವಾಳದ ಕಾಯಿಗಳು ತೇಲುತ್ತಿದ್ದವು. ಹೊಳೆ ತಾನೇ ನೊರೆಯಾಡುತ್ತಿತ್ತು.

ಕೇಳುವವಳು ಬಂದು ನೋಡಿದಳು. "ಗುಂಡಿಗೆ," ಎಂದಳು. ಯಾರಿಗೆ ಎಂದು ಅವಳು ಹೇಳಲಿಲ್ಲ, ಹೇಳುವ ಪದ್ಧತಿಯೂ ಇರಲಿಲ್ಲ. ಊರಿಗೆಲ್ಲ ಗೊತ್ತಿತ್ತು.

ಆಮೇಲೆ ಅವಳು ಅಕ್ಕನ ಹತ್ತಿರ ಬಂದು ಕುಳಿತಳು. "ತೊಳೆಯೋಕೆ ನಿನ್ನ ಬಿಟ್ಟರೆ ಇನ್ನೊಬ್ಬರಿಲ್ಲ. ಅವಳಿಗೆ ಹತ್ತಿರದವರು ಅಂತ ಕೇಳೋಕೂ ನೀನೇ. ಎರಡೂ ನಿನ್ನ ಮೇಲೇ ಬಂತಲ್ಲ ಮಗಳೇ."

ಅಕ್ಕ ಬಾಳೆಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಜನ ಅದನ್ನು ಗಮನಿಸಿದರು.

ಕುಡಿಕೆ ಕಟ್ಟಿದಳು, ನಳಿಗೆ ಬಿಗಿದಳು, ನೊರೆ ಬಿಟ್ಟಳು. ಮೊದಲ ದಿನ ನೀರು ಕೆಂಪಾಗಿ ಇಳಿಯಿತು. ಎರಡನೆಯ ದಿನವೂ ಕೆಂಪು. ನಾಲ್ಕನೆಯ ದಿನವೂ ಕೆಂಪು. ಆರನೆಯ ದಿನ ಬಿತ್ತುವವನು ನೋಡಲು ಬಂದ. ಗುಂಡಿಗೆ ಕುಡಿಕೆಯ ಕೆಳಗೆ ತೂಗಾಡುತ್ತಿತ್ತು, ಆಗಷ್ಟೇ ಎದೆಯಿಂದ ತೆಗೆದ ಹಾಗೆ.

"ನಳಿಗೆ ಮುಚ್ಚಿದೀಯಲ್ಲ," ಎಂದ.

"ನಾನೆಲ್ಲಿ ಮುಚ್ಚಿದೆ?"

"ಹಾಗಾದ್ರೆ ಆ ಬೆರಳು ಯಾರದಮ್ಮ?"

ಅಕ್ಕ ನೋಡಿಕೊಂಡಳು. ಅವಳ ಹೆಬ್ಬೆರಳು ನಳಿಗೆಯನ್ನು ಒತ್ತಿ ಹಿಡಿದಿತ್ತು. ಒತ್ತಿದ ಕಡೆ ಜೊಂಡು ಚಪ್ಪಟೆಯಾಗಿ, ಬೆರಳಿನ ಗುರುತೇ ಮೂಡಿತ್ತು. ಎಷ್ಟು ದಿನದಿಂದ ಹಿಡಿದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಬೆಚ್ಚಿ ಕೈ ತೆಗೆದಳು. ನಾಚಿಕೆಗೋ ಸಿಟ್ಟಿಗೋ, ಬುಟ್ಟಿಯಲ್ಲಿದ್ದ ಅಂಟುವಾಳವನ್ನೆಲ್ಲ ಒಮ್ಮೆಲೇ ಕುಡಿಕೆಗೆ ಸುರಿಯಹೋದಳು. ಮುದುಕ ಅವಳ ಮಣಿಕಟ್ಟು ಹಿಡಿದುಕೊಂಡ.

"ಅಷ್ಟು ಹಾಕಿದ್ರೆ ದಾರಿಗಳೇ ಕರಗಿಹೋಗ್ತವೆ. ಆಮೇಲೆ ನನ್ನ ಕೈಗೆ ಕೊಡೋದು ಒಂದು ಮುದ್ದೆ."

"ಕರಗಲಿ ಬಿಡು. ಯಾರಿಗೋಸ್ಕರ ತೊಳೀತಿದೀನಿ ನಾನು? ಇವಳನ್ನ ಬಂಡೆಗೆ ಹೊಡೆಸಿದವಳಿಗೋಸ್ಕರ ತಾನೆ? ಅವಳ ಎದೇಲಿ ಇದನ್ನ ಇಡೋದಾ?"

ಮೆಟ್ಟಿಲ ಮೇಲೆ ಹಾಗೆ ಮಾತಾಡುವಂತಿರಲಿಲ್ಲ. ಬಿತ್ತುವವನು ಸುತ್ತ ನೋಡಿದ. "ಹೀಗೇ ಬಿಟ್ಟರೆ ನಾಲ್ಕು ದಿನ ಇದ್ದಾಳು ಅವಳು, ಇಲ್ಲಾಂದ್ರೆ ಐದು," ಎಂದ. "ನಾನಂತೂ ಬಿತ್ತೋಕೆ ಬೇಕು ಅಂತ ಅವಳ ಮೈಯಿಂದ ಒಂದು ಚೂರು ಮೊದಲೇ ತಗೊಂಡಿದೀನಿ, ಬೆಚ್ಚಗಿಟ್ಟಿದೀನಿ. ಗುಂಡಿಗೆ ತಯಾರಾಗೋವರೆಗೆ ಅವಳನ್ನ ಹೇಗಾದರೂ ಹಿಡಿದಿಟ್ಟುಕೋತೀನಿ, ಬೇರುಗಳಿವೆ, ಕಷಾಯಗಳಿವೆ. ಆದರೆ ಮೊದಲು ಬಿಳಿ ಆಗಬೇಕಲ್ಲ. ಬಿಳಿ ಆಗಿದೆ ಅಂತ ಗೊತ್ತಾದ್ರೆ ಅವಳೂ ಹಿಡ್ಕೋತಾಳೆ. ಮನುಷ್ಯರು ಹಾಗೇ."

ಅಕ್ಕ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು, ಮೆಟ್ಟಿಲು ಹತ್ತಿ, ಕೂಗುವವಳ ಮನೆಗೆ ನೇರ ನಡೆದಳು.

ಕೂಗುವವಳು ಕಿಟಕಿಯ ಪಕ್ಕ ದಿಂಬುಗಳಿಗೆ ಒರಗಿ ಕುಳಿತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತವಳನ್ನು ನೋಡಿ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಬಂದೆಯಾ? ಬೈಯೋದಿದ್ದರೆ ಕೂತ್ಕೊಂಡು ಬೈ. ನಿಂತವರನ್ನ ನೋಡೋಕೆ ಕತ್ತು ಎತ್ತಬೇಕು, ಸುಸ್ತಾಗುತ್ತೆ."

ಅಕ್ಕ ಕೂರಲಿಲ್ಲ. "ಅವತ್ತು ಯಾಕೆ ನಿಲ್ಲಿಸಿದೆ?"

"ನಿಲ್ಲಿಸಲಿಲ್ಲ." ಕೂಗುವವಳು ಒಂದೊಂದು ಮಾತಿನ ನಡುವೆ ಉಸಿರು ತುಂಬಿಕೊಳ್ಳುತ್ತಿದ್ದಳು. "ಕೂಗಿದೆ. ಬಾಯಿ ತೆರೆದೇ ಇತ್ತು. ಕೂಗು ಬರ್ತಿಲ್ಲ ಅಂತ ನನಗೇ ತಿಳೀಲಿಲ್ಲ. ಬಂಡೆಗೆ ಬಡಿದ ಸದ್ದು ಕೇಳಿದ ಮೇಲೆ ತಿಳೀತು."

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು.

"ನನಗೆ ಬೇಡ ಅಂತ ಹೇಳಿಕಳಿಸಿದೆ," ಎಂದಳು ಕೂಗುವವಳು. "ಕೇಳುವವಳು ಒಪ್ಪಲಿಲ್ಲ. ನಿನಗಲ್ಲ, ದೋಣಿಗಳಿಗೆ ಅಂದಳು. ನೀನಾದರೂ ತೊಳೀಬೇಡ. ನಿನಗೆ ಬೇಡ ಅಂದ್ರೆ ಬಿಟ್ಟುಬಿಡು. ನಾನು ಯಾರ ಹತ್ರವೂ ದೂರೋದಿಲ್ಲ."

ಅಕ್ಕ ಬೈಯಲು ಬಂದವಳು. ಬೈಯುವ ಮಾತುಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಆದರೆ ಹೊರಬಂದದ್ದು ಬೇರೆ. "ಅವಳು ನಿನ್ನ ಹತ್ತಿರ ಬರ್ತಿದ್ದಳಾ?"

"ಬರ್ತಿದ್ದಳು. ಅವಳು ನನ್ನ ಶಿಷ್ಯೆ ಅಲ್ವಾ?"

"ಯಾವುದರಲ್ಲಿ?"

ಕೂಗುವವಳು ಅವಳನ್ನೇ ನೋಡಿದಳು. "ನಿನಗೆ ಅವಳು ಹೇಳಿಲ್ವಾ? ನಿಮ್ಮಮ್ಮ ಹೋದಾಗ. ಕೇಳುವ ದಿನಕ್ಕೆ ಇನ್ನೂ ಐದು ದಿನ ಇತ್ತು. ಬಂದು ಇಲ್ಲೇ, ನೀನು ನಿಂತಿದೀಯಲ್ಲ, ಅಲ್ಲೇ ಬಿದ್ದುಕೊಂಡು ಅತ್ತಳು. ನನ್ನ ಕೈಲಿ ಆ ಮಾತು ಹೇಳೋಕೆ ಆಗಲ್ಲ, ಗಂಟಲು ನಡುಗುತ್ತೆ. ನಡುಗಿದರೆ ವಾಪಸ್ ಕಳಿಸ್ತಾರೆ. ಆ ದಡದಲ್ಲಿ ಒಂದು ಹುಡುಗಿ ಹಳದಿ ಆಗಿ ಮಲಗಿದಾಳೆ, ಅಕ್ಕ ಉಪವಾಸ ಇದ್ದು ತೊಳೀತಿರೋದೆಲ್ಲ ಹಾಳಾಗುತ್ತೆ. ದನಿ ಒಡೆಯದ ಹಾಗೆ ಹೇಳೋದು ಹೇಗೆ, ನನಗೆ ಕಲಿಸು ಅಂದಳು. ಉಸಿರು ಎಲ್ಲಿ ಹಿಡೀಬೇಕು, ಎಲ್ಲಿ ಬಿಡಬೇಕು, ನಾನು ತೋರಿಸಿಕೊಟ್ಟೆ. ಐದು ದಿನ, ದಿನಕ್ಕೆ ನೂರು ಸಲ, ಮಂಜಿಗೆ ಮುಖಮಾಡಿ ಅದನ್ನೇ ಹೇಳಿದಳು. ಯಾರದೂ ಅಲ್ಲ, ಯಾರದೂ ಅಲ್ಲ. ಮೊದಲ ದಿನ ಎರಡನೇ ಅಕ್ಷರಕ್ಕೇ ಒಡೆದುಹೋಗೋದು. ಐದನೇ ದಿನ ಒಂದು ಚೂರೂ ಅಲುಗಲಿಲ್ಲ."

ಅಕ್ಕ ಅಲ್ಲೇ, ತಂಗಿ ಬಿದ್ದು ಅತ್ತ ನೆಲದ ಮೇಲೇ, ಕುಳಿತುಬಿಟ್ಟಳು.

"ಹನ್ನೊಂದು ವರ್ಷ," ಎಂದಳು. "ಒಂದು ಸಲವಾದರೂ ಹೇಳಬಾರದಿತ್ತೇ?"

"ಹೇಳೋಕೆ ಬಂದಳಂತೆ. ನೀನು ಕೈ ಅಡ್ಡ ಹಿಡಿದೆಯಂತೆ."

ಕಿಟಕಿಯಾಚೆ ಮಂಜು ಕರಗಿ ಹೊಳೆ ಕಾಣುತ್ತಿತ್ತು. ಒಂದೂ ದೋಣಿಯಿರಲಿಲ್ಲ. ಕೂಗುವವಳು ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟು ಮಾತಿಗೇ ಅವಳ ಹಣೆ ಬೆವರಿತ್ತು. ಅಕ್ಕ ಎದ್ದು, ಒಲೆಯ ಮೇಲಿದ್ದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಅವಳ ಹಣೆ ಒರೆಸಿದಳು. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಬಾಗಿಲು ಎಳೆದುಕೊಂಡು ಹೊರಟುಬಂದಳು.

ಮೆಟ್ಟಿಲಿಗೆ ಬಂದವಳು ಹೊಸ ಜೊಂಡು ಕೊಯ್ದು ನಳಿಗೆ ಮಾಡಿದಳು. ನೊರೆಯನ್ನು ಬೆರಳ ಮೇಲೆ ಬಿಟ್ಟುಕೊಂಡು ಹದ ನೋಡಿದಳು. ಕುಡಿಕೆ ತುಂಬಿದಳು. ಆಮೇಲೆ ಕಟ್ಟಳೆ ಮುರಿದಳು.

"ಸಣ್ಣೀರಿ," ಎಂದಳು.

ಅದು ತಂಗಿಯ ಹೆಸರು. ಹನ್ನೊಂದು ವರ್ಷದಿಂದ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಮೊದಲ ಸಲ ಅದು ತುಕ್ಕು ಹಿಡಿದ ಚಿಲಕದ ಹಾಗೆ ಬಂತು. ಎರಡನೆಯ ಸಲ ಸಲೀಸಾಯಿತು. ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಕೇಳುವವಳಿಗೆ ಅದು ಕೇಳಿಸಿತು. ಅವಳು ತನ್ನ ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡಳು.

"ಸಣ್ಣೀರಿ, ಆ ಬುಟ್ಟಿ ತಳ್ಳುತ್ತಿದ್ದೆಯಲ್ಲ, ನನಗೆ ಗೊತ್ತಾಗ್ತಿತ್ತು ಕಣೇ. ನನ್ನ ಕಡೆ ತಳ್ಳಿದ್ದರಲ್ಲಿ ಒಳ್ಳೆಯ ಕಾಯಿ ಇರೋದು, ನೀನು ಪುಡಿಕಾಯಿ ಇಟ್ಟುಕೊಳ್ಳೋದು, ಅದೂ ಗೊತ್ತಾಗ್ತಿತ್ತು."

ನೀರು ಇಳಿಯುತ್ತಿತ್ತು. ಅವಳು ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕಂಬಳಿಗೆ ಕಿತ್ತಾಡಿದ್ದು. ತಂಗಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದದ್ದು. ಅವಳಿಗೆ ಮದುವೆ ಕೇಳಿಕೊಂಡು ಬಂದವನ ಮೀಸೆ ನೋಡಿ ಇಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕದ್ದು. ಗೋಡೆಯಾಚೆಯಿಂದ ಅವಳ ಕೆಮ್ಮು ಕೇಳಿ, ಕಷಾಯ ಕಾಸಿ, ಅದನ್ನು ಕೊಡಲಾಗದೆ ಬಚ್ಚಲಿಗೆ ಚೆಲ್ಲಿದ್ದು. ಅದನ್ನು ಹೇಳುವಾಗ ಅಕ್ಕನ ದನಿ ನಿಂತಿತು. ಹೆಬ್ಬೆರಳು ನಳಿಗೆಯ ಕಡೆಗೆ ಹೋಯಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ತಂದಳು.

ಮೂರು ದಿನ ಹಾಗೆ ಹೇಳಿದಳು. ನೀರು ಕೆಂಪಿನಿಂದ ದಾಸವಾಳಕ್ಕೆ ಬಂತು, ದಾಸವಾಳದಿಂದ ಪಾಟಲಕ್ಕೆ, ಅಲ್ಲಿಂದ ಅಕ್ಕಿ ತೊಳೆದ ನೀರಿಗೆ. ಗುಂಡಿಗೆಯ ಗೋಡೆಗಳು ತೆಳುವಾಗುತ್ತ ಬಂದು, ಒಳಗಿನ ನಾಲ್ಕು ಕೋಣೆಗಳೂ ಅವುಗಳ ನಡುವಿನ ಬಾಗಿಲುಗಳೂ ನೆರಳಿನ ಹಾಗೆ ಕಾಣಿಸಿದವು. ಗೋಡೆಯೊಳಗೆ ಹಬ್ಬಿದ ದಾರಿಗಳು ಕಂಡವು, ದೊಡ್ಡದರಿಂದ ಸಣ್ಣದು, ಸಣ್ಣದರಿಂದ ಇನ್ನೂ ಸಣ್ಣದು, ಎಣಿಸಲು ಕೂತರೆ ಕಣ್ಣು ಸೋಲುವಷ್ಟು. ಹತ್ತನೆಯ ದಿನ ಬೆಳಿಗ್ಗೆ ನೀರು ಬರೀ ನೀರಾಗಿ ಇಳಿಯಿತು. ಹೇಳುವುದಕ್ಕೆ ಅವಳಲ್ಲಿ ಇನ್ನೂ ಮಾತಿತ್ತು. ಆದರೆ ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಉಳಿದಿಲ್ಲ ಎಂದು ಅವಳಿಗೆ ಅನ್ನಿಸಿತು. ಆಗ ಅವಳು ಅತ್ತಳು.

ಅದೇ ಮಧ್ಯಾಹ್ನ ಊರು ಮೆಟ್ಟಿಲ ಮೇಲೆ ಸೇರಿತು. ಕೇಳುವವಳು ತಟ್ಟೆ ಹಿಡಿದು ನಿಂತಳು. ತಟ್ಟೆಯಲ್ಲಿ ಬಿಳಿಯ ಗುಂಡಿಗೆ.

"ಇದು ಯಾರದು?"

ಅಕ್ಕನಿಗೆ ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಯಾರೂ ಕಲಿಸಿರಲಿಲ್ಲ. ಅವಳು ಬಾಯಿ ತೆರೆದಳು. ಗದ್ದ ನಡುಗಿತು, ಗಂಟಲು ನಡುಗಿತು.

"ಯಾ... ಯಾರ..."

ಅವಳು ಕಣ್ಣು ಮುಚ್ಚಿಕೊಂಡಳು. "ಯಾರದೂ ಅಲ್ಲ," ಎಂದಳು. ಅದು ಮಾತಿನಂತಿರಲಿಲ್ಲ, ಹರಿದ ಬಟ್ಟೆಯ ಸದ್ದಿನಂತಿತ್ತು.

"ಸಂದಿತು," ಎಂದಳು ಕೇಳುವವಳು.

ಅಕ್ಕ ಕಣ್ಣು ಬಿಟ್ಟಳು. "ನಡುಗಿತಲ್ಲ?"

"ನಡುಗಿದರೇನು?"

"ನಡುಗಿದರೆ ವಾಪಸ್ ಕಳಿಸಲ್ವಾ?"

ಕೇಳುವವಳು ತಟ್ಟೆಯನ್ನು ಬಿತ್ತುವವನ ಕೈಗೆ ಕೊಟ್ಟು, ಅವಳ ಕಡೆ ತಿರುಗಿದಳು. "ಹಾಗಂತ ಯಾರು ಹೇಳಿದರು? ಹೇಳಬೇಕು ಅಷ್ಟೆ. ಎಲ್ಲರದೂ ನಡುಗುತ್ತೆ. ನಲವತ್ತು ವರ್ಷದಿಂದ ಕೇಳ್ತಿದೀನಿ, ನಡುಗದೆ ಹೇಳಿದವಳು ನಿನ್ನ ತಂಗಿ ಒಬ್ಬಳೇ. ಅವತ್ತು ನನಗೇ ಭಯ ಆಗಿತ್ತು."

"ಅದನ್ನ ಮುಂಚೇನೇ ಯಾಕೆ ಹೇಳೋದಿಲ್ಲ ನೀವು? ನಿಲ್ಲೋರಿಗೆ?"

ಮುದುಕಿ ಬಹಳ ಹೊತ್ತು ಯೋಚಿಸಿದಳು. "ಯಾರೂ ಕೇಳಲಿಲ್ಲ," ಎಂದಳು.

ಬಿತ್ತುವವನು ನಲವತ್ತು ದಿನ ಬಾಗಿಲು ಹಾಕಿಕೊಂಡ. ಕೂಗುವವಳ ಮೈಯಿಂದ ತೆಗೆದ ಚೂರಿನಿಂದ ಅವನು ಬೆಳೆಸಿದ್ದ ಬೀಜಕಣಗಳು ಬೆಚ್ಚಗಿನ ಗಂಜಿಯಲ್ಲಿ ಕಾಯುತ್ತಿದ್ದವು. ಮೊದಲು ದಾರಿಗಳ ಒಳಗೋಡೆಗೆ ಅವುಗಳಿಂದ ನೆಲ ಸಾರಿಸಿದ ಹಾಗೆ ಒಂದು ಪದರ ಸಾರಿಸಿದ. ಸಾರಿಸದ ದಾರಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಓಡುವುದಿಲ್ಲ. ಆಮೇಲೆ ಗೋಡೆಗಳಲ್ಲಿ ಮಾಂಸದ ಬೀಜ ಬಿತ್ತಿದ. ಹಗಲೆಲ್ಲ ಗಂಜಿಯನ್ನು ದಾರಿಗಳಲ್ಲಿ ಹಾಯಿಸಿದ. ಬಿಳಿ ಗುಂಡಿಗೆ ಕೆನೆಬಣ್ಣವಾಯಿತು, ಕೆನೆಬಣ್ಣ ಕೆಂಪಾಯಿತು. ಮೂವತ್ತೊಂದನೆಯ ದಿನ ಅದರ ತುದಿ ಒಮ್ಮೆ ಮಿಡಿಯಿತು, ನಿದ್ದೆಯಲ್ಲಿ ಮಗುವಿನ ಬೆರಳು ಅಲುಗುವ ಹಾಗೆ. ನಲವತ್ತನೆಯ ದಿನ ದೊಡ್ಡ ನಾಳದ ಬಾಯಿಗೆ ಅವನು ರಕ್ತ ಬಿಟ್ಟ. ಅದು ದೊಡ್ಡ ದಾರಿಯಿಂದ ಸಣ್ಣ ದಾರಿಗೆ, ಸಣ್ಣ ದಾರಿಯಿಂದ ಕೂದಲೆಳೆಯ ದಾರಿಗೆ ಹೋಯಿತು. ಎಲ್ಲೂ ಸೋರಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಹೋದದ್ದೆಲ್ಲ ಇನ್ನೊಂದು ಬಾಯಿಂದ ಹಿಂದಿರುಗಿ ಬಂತು.

"ದಾರಿ ಒಂದೂ ಕಟ್ಟಿಲ್ಲ," ಎಂದು ಬಿತ್ತುವವನು ಅಕ್ಕನಿಗೆ ಹೇಳಿಕಳಿಸಿದ. "ಚೆನ್ನಾಗಿ ತೊಳೆದಿದೀಯ."

ಕೂಗುವವಳು ಅಷ್ಟು ದಿನವೂ ಹಿಡಿದುಕೊಂಡಿದ್ದಳು. ಕಷಾಯಕ್ಕೋ, ಮುದುಕನ ಬೈಗುಳಕ್ಕೋ, ಇನ್ನು ಯಾವುದಕ್ಕೋ. ಅವಳ ಎದೆ ತೆರೆದು ಹಳೆಯದನ್ನು ತೆಗೆದು ಹೊಸದನ್ನು ಇಟ್ಟರು. ಮೈ ಅದನ್ನು ಯಾರೆಂದು ಕೇಳಲಿಲ್ಲ. ತನ್ನದೇ ಎಂದು ಒಳಗೆ ಕರೆದುಕೊಂಡಿತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಮಂಜಿನೊಳಗಿಂದ ಕೂಗು ಎದ್ದಿತು. ಅಕ್ಕ ಬಂಡೆಯ ಮೇಲಿದ್ದಳು. ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಟ್ಟಳು. ತಂಗಿಯ ದನಿಯ ಒಂದು ಎಳೆಯಾದರೂ ಅದರಲ್ಲಿ ಇದ್ದೀತೆಂದು ಕೂಗು ಮುಗಿಯುವವರೆಗೆ ಹುಡುಕಿದಳು. ಇರಲಿಲ್ಲ. ಅದು ಪೂರ್ತಿ ಕೂಗುವವಳ ಕೂಗು, ಉದ್ದವಾದ, ಒಂದೇ ಕ‌ಡೆಯಿಂದ ಬರುವ ಕೂಗು. ತಾನು ಎಷ್ಟು ಚೆನ್ನಾಗಿ ತೊಳೆದಿದ್ದೆನೆಂದು ಅಕ್ಕನಿಗೆ ಆಗ ತಿಳಿಯಿತು. ಸ್ವಲ್ಪ ಹೊತ್ತಿನಲ್ಲಿ ಮೊದಲ ದೋಣಿ ಕರಿಬಂಡೆಯನ್ನು ಬಳಸಿ ದಡಕ್ಕೆ ಬಂತು. ಅದರಿಂದ ಇಳಿದವರು ಮಕ್ಕಳ ಕೈ ಹಿಡಿದುಕೊಂಡು ಮಾತಾಡುತ್ತ ಅವಳ ಪಕ್ಕದಲ್ಲೇ ಹಾದುಹೋದರು.

ಮರುವರ್ಷ ಕೇಳುವವಳ ಕಣ್ಣು ಮಂದವಾದವು. ತಟ್ಟೆಯಲ್ಲಿರುವುದು ಬೆಳ್ಳಗಾಗಿದೆಯೋ ಇಲ್ಲವೋ ಅವಳಿಗೆ ಕಾಣಿಸದೆ ಹೋಯಿತು. ಅವಳು ತಟ್ಟೆಯನ್ನು ಅಕ್ಕನಿಗೆ ಕೊಟ್ಟಳು. "ಅವತ್ತು ನನ್ನನ್ನ ಒಂದು ಮಾತು ಕೇಳಿದೆ ನೋಡು," ಎಂದಳು, "ಇನ್ನುಮೇಲೆ ನೀನೇ ಕೇಳು." ತೊಳೆಯುವ ಕೆಲಸಕ್ಕೆ ಆ ದಡದಿಂದ ಇಬ್ಬರು ಹೆಂಗಸರು ಬಂದಿದ್ದರು. ಅವರಲ್ಲೊಬ್ಬಳು ಚಿಕ್ಕವಳಿದ್ದಾಗ ಹಳದಿಯಾಗಿ ಮಲಗಿ, ಆಮೇಲೆ ಬದುಕಿಕೊಂಡವಳು.

ಅಕ್ಕ ಮೊದಲ ಸಲ ಕೇಳುವ ದಿನ ಬಂತು. ತಟ್ಟೆಯಲ್ಲಿ ಒಂದು ಬಿಳಿಯ ಮೂತ್ರಪಿಂಡವಿತ್ತು. ಎದುರಿಗೆ ನಿಂತವನು ಬೆಸ್ತ. ಹೆಂಡತಿಯನ್ನು ಕಳೆದುಕೊಂಡವನು. ಎತ್ತರದ ಆಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟುತ್ತಿದ್ದ, ಒಮ್ಮೆ ಮುಂದೆ.

ಅಕ್ಕ ಪ್ರಶ್ನೆ ಕೇಳಲಿಲ್ಲ. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅದರ ಪಕ್ಕ ಮೆಟ್ಟಿಲ ಮೇಲೆ ತಾನೂ ಕುಳಿತು, ಅವನಿಗೂ ಜಾಗ ತೋರಿಸಿದಳು.

"ಕೂತ್ಕೋ. ಅವಸರವಿಲ್ಲ. ಮಾತು ನಡುಗಿದರೆ ತಪ್ಪಲ್ಲ, ಮೊದಲೇ ಹೇಳಿಬಿಡ್ತೀನಿ. ಆದರೆ ಅದಕ್ಕೆ ಮುಂಚೆ ಅವಳು ಹೇಗಿದ್ದಳು, ಸ್ವಲ್ಪ ಹೇಳು."

ಜನರಲ್ಲಿ ಗುಜುಗುಜು ಎದ್ದಿತು. "ಮೆಟ್ಟಿಲ ಮೇಲೆ ಹೇಳಬಾರದಲ್ಲ?" ಎಂದರು ಯಾರೋ. ಹಳೆಯ ಕೇಳುವವಳು ಕಾಣದ ಕಣ್ಣನ್ನು ಆ ದನಿಯ ಕಡೆ ತಿರುಗಿಸಿ, "ಸುಮ್ಮನಿರಿ," ಎಂದಳು.

ಬೆಸ್ತ ಕುಳಿತ. ತನ್ನ ಅಂಗೈಗಳನ್ನು ನೋಡಿಕೊಂಡ. "ಏನು ಹೇಳಲಿ? ಜಗಳಗಂಟಿ," ಎಂದ. ಹೇಳಿ ತಾನೇ ಗಾಬರಿಯಾದ. ಯಾರೋ ನಕ್ಕರು. ಅವನ ತುಟಿಯ ಮೂಲೆಯೂ ಅಲುಗಿತು. "ನನ್ನ ಹತ್ರ ಅಲ್ಲ. ಮೀನಿನ ಹತ್ರ. ಬಲೆಯಿಂದ ಬಿಡಿಸೋವಾಗ ಒಂದೊಂದಕ್ಕೂ ಬೈಯೋಳು. ನಿನಗೆ ಕಣ್ಣಿಲ್ವಾ, ಇಷ್ಟು ದೊಡ್ಡ ಹೊಳೆ ಇದೆ, ಇಲ್ಲೇ ಬಂದು ಬೀಳಬೇಕಾ ಅಂತ. ಒಂದು ಸಲ ಹಾಗೇ ಬೈದು ಬೈದು, ಒಂದು ದೊಡ್ಡ ಬಾಳೆಮೀನನ್ನ ವಾಪಸ್ ನೀರಿಗೆ ಬಿಟ್ಟುಬಿಟ್ಟಳು..."

ಜನರ ಹಿಂದಿನ ಸಾಲಿನಲ್ಲಿ ಒಬ್ಬ ಹುಲ್ಲಿನ ಚಾಪೆಯ ಮೇಲೆ ಕುಳಿತಿದ್ದ. ಅವನ ಮುಖ ಊದಿಕೊಂಡು ಕಣ್ಣುಗಳು ಸಣ್ಣಗಾಗಿದ್ದವು, ಕಾಲುಗಳು ಬಾತು ಹೊಳೆಯುತ್ತಿದ್ದವು. ತಟ್ಟೆಯಲ್ಲಿರುವುದು ಯಾರಿಗಾಗಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಬೆಸ್ತ ಮಾತು ನಿಲ್ಲಿಸಿ ಅಂಗೈಯಿಂದ ಮುಖ ಒರೆಸಿಕೊಂಡಾಗ, ಊದಿದ ಮುಖದ ಆ ಮನುಷ್ಯ ಚಾಪೆಯ ಸಮೇತ ಒಂದು ಗೇಣು ಮುಂದಕ್ಕೆ ಜರುಗಿದ.

"ಆಮೇಲೆ?" ಎಂದು ಕೇಳಿದ.